ಹಿಂದಿನ ಸೀಟಿನವರ ತಕರಾರು

ಕಳೆದ ತಿಂಗಳು ಬೆಂಗಳೂರಿನಿಂದ ಬಂದ ಮಗ ಊಟದ ಮೇಜಿನ ಮೇಲೆ ಎರಡು ಫಾರಂ ಇಟ್ಟ. ಒಂದರ ನಂಬರು 29, ಇನ್ನೊಂದರದು 30. ಒಬ್ಬರ ಹೆಸರಿನಲ್ಲಿರುವ ವಾಹನ ಇನ್ನೊಬ್ಬರ ಹೆಸರಿಗೆ ವರ್ಗವಾಗಬೇಕಾದರೆ ಆರ್‌ಟಿಓ ಕಚೇರಿಯವರು ಕೇಳುವ ಕಾಗದಗಳು ಇವು. ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ ಕಡೆಯೆಲ್ಲ ನಾನು ಸಹಿ ಮಾಡಿದರೆ ಸಾಕು, ನಮ್ಮ ಶೆಡ್ಡಿನಲ್ಲಿರುವ ಜೀಪು ಅವನದಾಗುತ್ತದೆ. ಅವನಪ್ಪ ತೀರಿಕೊಂಡ ಮೇಲೆ ಅದು ನನ್ನ ಹೆಸರಿಗೆ ಬಂದಿತ್ತು.

"ಅದೇನಮ್ಮ, ಪರೀಕ್ಷೆ ಪೇಪರು ತಿದ್ದೋ ಹಾಗೆ ನೋಡ್ತಾ ಇದ್ದೀಯ. ಸಹಿ ಹಾಕು ಸಾಕು" ಅಂದ.

ಮೂವತ್ತು ವರ್ಷದಿಂದ ಪೇಪರು ತಿದ್ದುತ್ತಿರುವವಳಿಗೆ ಬೇರೆ ರೀತಿ ನೋಡಲು ಬರುವುದಿಲ್ಲ. "ತಗೊಂಡು ಏನು ಮಾಡ್ತೀಯ ಮಗ?" ಎಂದೆ. ಅವನು ಹೇಳಿದ. ಅಂದಿನಿಂದ ಆ ಫಾರಂಗಳು ನನ್ನ ಬೀರುವಿನಲ್ಲಿವೆ.

ನಮ್ಮ ಊರು ದುಬಾರೆಯ ಪಕ್ಕ. ಕುಶಾಲನಗರದಿಂದ ಗುಡ್ಡೆಹೊಸೂರಿಗೆ ಬಂದು ಸಿದ್ದಾಪುರದ ದಾರಿ ಹಿಡಿದರೆ ನಂಜರಾಯಪಟ್ಟಣ ಸಿಗುತ್ತದೆ. ಅಲ್ಲಿಂದ ಹೊಳೆಯ ಕಡೆಗೆ ಇಳಿದರೆ ಕಾವೇರಿ, ಆಚೆ ದಡದಲ್ಲಿ ಆನೆ ಕ್ಯಾಂಪು. ನೀವೂ ಮಕ್ಕಳನ್ನು ಕರೆದುಕೊಂಡು ಬಂದು ದೋಣಿಯಲ್ಲಿ ಹೊಳೆ ದಾಟಿ ಆನೆಗೆ ಸ್ನಾನ ಮಾಡಿಸುವುದನ್ನು ನೋಡಿ ಹೋಗಿರಬಹುದು. ಈಗಿನ ಹಾಗೆ ರೆಸಾರ್ಟು, ಹೋಂಸ್ಟೇ ಇಲ್ಲದ ಕಾಲಕ್ಕೆ ನಾನು ಈ ಊರಿಗೆ ಸೊಸೆಯಾಗಿ ಬಂದೆ. ಮಳೆಗಾಲದಲ್ಲಿ ಮನೆಯಿಂದ ಟಾರು ರಸ್ತೆಗೆ ಬರುವುದೇ ಒಂದು ಪ್ರಯಾಣ. 1995ರಲ್ಲಿ ನಮ್ಮವರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಜೀಪು ತಂದರು. ಮಹೀಂದ್ರ ಎಂಎಂ 540, 1989ರ ಮಾಡೆಲ್ಲು. ಹೂವಿನ ಹಾರ ಹಾಕಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ ದಿನ ನಮ್ಮತ್ತೆ ಅದರ ಮೂತಿ ಸವರಿ, "ಒಳ್ಳೆ ಎಮ್ಮೆ ಇದ್ದ ಹಾಗಿದೆ" ಅಂದಿದ್ದರು. ಅದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಈವರೆಗೆ ಕೇಳಿಲ್ಲ.

ಜೀಪಿನ ಹಿಂದಿನ ಸೀಟು ನೋಡಿದ್ದೀರಲ್ಲ? ಎರಡು ಪಕ್ಕಕ್ಕೆ ಎರಡು ಬೆಂಚು, ಎದುರುಬದುರು. ಮುಂದೆ ಗಂಡಸರು. ಹಿಂದೆ ನಾವು: ಹೆಂಗಸರು, ಮಕ್ಕಳು, ಬಾಳೆಗೊನೆ, ಗೊಬ್ಬರದ ಮೂಟೆ, ನೆಂಟರ ಮನೆಗೆ ಒಯ್ಯುವ ಹಲಸಿನಹಣ್ಣು. ಬೆಲ್ಟು ಗಿಲ್ಟು ಏನೂ ಇಲ್ಲ. ಟಾಪಿನ ಕಬ್ಬಿಣದ ಸರಳು ಹಿಡಿದುಕೊಂಡು ಕೂತರೆ ಕೂತೆವು. ಆ ಸರಳು ಹಿಡಿದ ಕೈಯ ನೋವು, ಎದುರಿಗೆ ಕೂತವಳ ಮೊಣಕಾಲಿಗೆ ನಮ್ಮ ಮೊಣಕಾಲು ಬಡಿಯುವುದು, ಹಿಂದಿನಿಂದ ನುಗ್ಗುವ ಧೂಳು, ಇವೆಲ್ಲ ಕೊಡಗಿನ ತೋಟದ ಮನೆಗಳ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಲೈನ್ ಮನೆಯ ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತಂದದ್ದು ಆ ಸೀಟಿನಲ್ಲಿ. ನಮ್ಮ ಮಾವನವರನ್ನು ಕೊನೆಯ ಸಲ ಮನೆಗೆ ತಂದದ್ದೂ ಅದರಲ್ಲೇ. ಈ ಮಗನನ್ನು ಎರಡು ತಿಂಗಳ ಕೂಸಾಗಿದ್ದಾಗ ಅಜ್ಜಿ ಮನೆಯಿಂದ ಎತ್ತಿಕೊಂಡು ಬಂದದ್ದೂ ಆ ಸೀಟಿನಲ್ಲೇ, ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಸರಳು.

ನಮ್ಮವರು ಓಡಿಸುತ್ತಿದ್ದ ರೀತಿ ಹೇಳಬೇಕು. ನಲವತ್ತರ ಮೇಲೆ ಮುಳ್ಳು ಏರಿದ್ದನ್ನು ನಾನು ಕಂಡದ್ದು ಕಡಿಮೆ. ಮಳೆಗಾಲದಲ್ಲಿ ತೋಡು ದಾಟಿದ ಕೂಡಲೇ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಬಿಡುತ್ತ ನಿಧಾನವಾಗಿ ಹೋಗುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, "ಡ್ರಮ್ಮಿನ ಒಳಗೆ ನೀರು ಹೋಗಿರುತ್ತೆ, ಒಣಗಿಸದೆ ಇಳಿಜಾರಿಗೆ ಬಿಟ್ಟರೆ ದೇವರೇ ಗತಿ" ಅಂದರು. ಓಡಿಸುವವರಿಗೆ ಗಾಡಿಯ ದೌರ್ಬಲ್ಯ ಗೊತ್ತಿತ್ತು. ಅದಕ್ಕೆ ತಕ್ಕ ಹಾಗೆ ಕಾಲು ಇಡುತ್ತಿದ್ದರು. ಎಮ್ಮೆಯಿಂದ ಎಮ್ಮೆಯ ಕೆಲಸ ಮಾಡಿಸುತ್ತಿದ್ದರು, ಅಷ್ಟೇ.

ಈಗ ಮಗ ಈ ಎಮ್ಮೆಯನ್ನು ಕುದುರೆ ಮಾಡಲು ಹೊರಟಿದ್ದಾನೆ.

ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದ್ದು. ಅಲ್ಲಿ 1960ರ ದಶಕದಲ್ಲಿ 'ಮಸಲ್ ಕಾರು' ಅಂತ ಬಂದಿದ್ದವು. 1964ರ ಪಾಂಟಿಯಾಕ್ ಜಿಟಿಓ ಆ ವಂಶದ ಹಿರಿಯಕ್ಕ ಎನ್ನುತ್ತಾರೆ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಟು ಸಿಲಿಂಡರಿನ ಇಂಜಿನ್ ಕೂರಿಸಿ ಹುಡುಗರ ಕೈಗೆ ಕೊಡುವುದು. ವಿಮೆಯ ದರ ಏರಿತು, ಹೊಗೆಯ ಕಾನೂನು ಬಂತು, 1973ರಲ್ಲಿ ತೈಲದ ಬಿಕ್ಕಟ್ಟೂ ಬಂದು ಅವುಗಳ ವೈಭವ ಮುಗಿಯಿತು. ಈಗ ಆ ಹಳೆಯ ಕಾರುಗಳ ಮೈಯನ್ನು ಹಾಗೇ ಉಳಿಸಿ, ಒಳಗೆಲ್ಲ ಈ ಕಾಲದ ಬಿಡಿಭಾಗ ಜೋಡಿಸಿ ಮತ್ತೆ ರಸ್ತೆಗೆ ಬಿಡುವ ಕಸುಬು ಅಲ್ಲಿ ಜೋರಾಗಿದೆ. ಅದಕ್ಕೆ 'ರೆಸ್ಟೊಮಾಡ್' ಎಂದು ಹೆಸರು. "ಅವರಿಗೆ ಮಸ್ಟಾಂಗು, ಕಮಾರೊ. ನಮಗೆ ಜೀಪೇ ಮಸಲ್ ಕಾರು ಕಣಮ್ಮ" ಅಂದ ಮಗ.

ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಎರಡನೇ ಮಹಾಯುದ್ಧಕ್ಕೆಂದು ಆರು ಲಕ್ಷಕ್ಕೂ ಮೀರಿ ತಯಾರಾದ ಗಾಡಿಯ ವಂಶ ಇದು. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿದರು. ಮನೆಗೊಬ್ಬ ಸಿಪಾಯಿ ಇದ್ದ ಕೊಡಗಿಗೆ ಅದು ಬೇಗ ಒಗ್ಗಿತು. ಬೇರೆ ಕಡೆ ಕಾರು ಅಂತಸ್ತಿನ ಗುರುತಾದರೆ ನಮ್ಮಲ್ಲಿ ಜೀಪು. ಅದರ ಮೇಲೆ ಗಂಡುಮಕ್ಕಳಿಗೆ ಮೋಹ ಇರುವುದು ಸಹಜ. ಅಪ್ಪನ ಜೀಪನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುತ್ತೇನೆ ಅನ್ನುವ ಮಗನನ್ನು ಯಾವ ತಾಯಿ ಬೈದಾಳು?

ನನ್ನ ಜಗಳ ಅವನ ಪಟ್ಟಿಯ ಮೇಲೆ. ಹಾಳೆಯಲ್ಲಿ ಹತ್ತೊಂಬತ್ತು ಬಾಬತ್ತು ಬರೆದುಕೊಂಡು ಬಂದಿದ್ದ. ಮೊದಲನೆಯದು ಸ್ಕಾರ್ಪಿಯೋದಿಂದ ತೆಗೆದ ಕಾಮನ್ ರೈಲ್ ಡೀಸೆಲ್ ಇಂಜಿನು. ಆಮೇಲೆ ಅದಕ್ಕೊಪ್ಪುವ ಗೇರ್‌ಬಾಕ್ಸು, 33 ಇಂಚಿನ ಟೈರು, ಮೈ ಎತ್ತರಿಸಲು ಲಿಫ್ಟ್ ಕಿಟ್ಟು, ವಿಂಚು, ನೀರಿಗಿಳಿದಾಗ ಇಂಜಿನ್ನಿಗೆ ಉಸಿರು ಕೊಡುವ ಸ್ನಾರ್ಕೆಲ್ಲು, ಕಬ್ಬಿಣದ ಬಂಪರು, ನೆತ್ತಿಯ ಮೇಲೆ ಎಲ್‌ಇಡಿ ದೀಪದ ಪಟ್ಟಿ, ಒಳ್ಳೆ ಸದ್ದು ಕೊಡುವ ಸೈಲೆನ್ಸರು (ಸೈಲೆನ್ಸರಿಗೆ ಸದ್ದು ಬೇಕಂತೆ!). ಪಟ್ಟಿಯನ್ನು ಎರಡು ಸಲ ಓದಿ, "ಬ್ರೇಕು ಎಲ್ಲಿದೆ?" ಅಂತ ಕೇಳಿದೆ.

"ಬ್ರೇಕು ಇದೆಯಲ್ಲಮ್ಮ."

"ಇರೋದು 1989ರದ್ದು."

"ಅದು ಆಮೇಲೆ ನೋಡ್ಕೊಳ್ಳೋಣ, ಬಜೆಟ್ ಉಳಿದರೆ."

ಬಜೆಟ್ ಉಳಿದರೆ! ಹೆಂಗಸರೇ, ಈ ಮಾತನ್ನು ನೀವು ಎಲ್ಲೋ ಕೇಳಿದ ಹಾಗಿಲ್ಲವೇ? ಮನೆ ಕಟ್ಟುವಾಗ ಎದುರಿನ ಸಿಟ್‌ಔಟಿಗೆ ಗ್ರಾನೈಟು ಹಾಕಿ, ಅಡುಗೆಮನೆಯ ಹೊಗೆ ಹೋಗಲು ಕಿಂಡಿಯನ್ನು 'ಆಮೇಲೆ' ಮಾಡಿಸಿದವರು ನಮ್ಮಲ್ಲಿ ಎಷ್ಟು ಜನವಿಲ್ಲ? ಕಾಣುವುದಕ್ಕೆ ಮೊದಲು, ಕಾಯುವುದಕ್ಕೆ ಆಮೇಲೆ. 2024ರಿಂದ ಈಚೆಗೆ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ನಮ್ಮ ಕಡೆ ಜೀಪುಗಳಿಗೂ ಒಂದು ಯೋಗ ಬಂತು. ಯಾವ ಗ್ಯಾರೇಜಿಗೆ ಹೋದರೂ ಮೈ ಬಿಚ್ಚಿ ನಿಂತ ಒಂದು ಜೀಪು, ಪಕ್ಕದಲ್ಲಿ ಕೈಕಟ್ಟಿ ನಿಂತ ಒಬ್ಬ ಹುಡುಗ.

ನಾನು ಸಮಾಜ ಪಾಠ ಮಾಡುವವಳು. ಯಂತ್ರದ ಮಾತು ಬಂದರೆ ನಮ್ಮ ಶಾಲೆಯ ವಿಜ್ಞಾನದ ಟೀಚರನ್ನು ಕೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ಟಿಫಿನ್ ಬಿಚ್ಚಿಕೊಂಡು ಅವರು ಹೇಳಿದ್ದು ಹೀಗೆ: ಗಾಡಿಯ ವೇಗ ಎರಡರಷ್ಟಾದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟು. ಇದು ಹೈಸ್ಕೂಲಿನ ಪಾಠ. ನಮ್ಮ ಜೀಪಿನ ಹಳೆಯ ಪೂಜೋ ಇಂಜಿನಿನ ಶಕ್ತಿ ಅರವತ್ತು ಅಶ್ವಶಕ್ತಿಯ ಆಸುಪಾಸು. ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ಒತ್ತುವವರ ಕಾಲಿನ ಬಲವೇ ಬಲ, ನೆರವಿಗೆ ಬೂಸ್ಟರ್ ಇಲ್ಲ. ಆ ಅರವತ್ತಕ್ಕೆ ತಕ್ಕ ಬ್ರೇಕು, ಆ ಬ್ರೇಕಿಗೆ ತಕ್ಕ ಗಾಲಿ, ಆ ಗಾಲಿಗೆ ತಕ್ಕ ಸ್ಟಿಯರಿಂಗು. ಒಂದಕ್ಕೊಂದು ಅಳೆದು ಕೂಡಿಸಿದ ಸಂಸಾರ ಅದು. ಅದರಲ್ಲಿ ಇಂಜಿನ್ ಒಂದನ್ನೇ ನೂರು ದಾಟಿಸಿದರೆ? ಮೂರು ಲೀಟರಿನ ಕುಕ್ಕರನ್ನು ಮದುವೆ ಮನೆಯ ಒಲೆಯ ಮೇಲಿಟ್ಟು, ವೆಯ್ಟನ್ನು ಆಮೇಲೆ ಸರಿ ಮಾಡಿಸೋಣ ಅಂದ ಹಾಗಾಯಿತು.

ಟೈರಿನ ಮಾತು ಇನ್ನೂ ಸ್ವಾರಸ್ಯ. ಜೀಪಿಗೆ ಬಂದ ಟೈರಿಗಿಂತ ಈ 33 ಇಂಚಿನದು ನಾಲ್ಕೈದು ಇಂಚು ಎತ್ತರ. ಗಾಲಿ ದೊಡ್ಡದಾದಷ್ಟೂ ಅದೇ ಬ್ರೇಕಿನಿಂದ ಹಿಡಿದು ನಿಲ್ಲಿಸುವುದು ಕಷ್ಟ. ಗಾಡಿ ಎತ್ತರವಾದಷ್ಟೂ ಮಗುಚುವುದು ಸುಲಭ. ಮುಳ್ಳೂ ಸುಳ್ಳು ಹೇಳತೊಡಗುತ್ತದೆ: ಮುಳ್ಳಿನ ಲೆಕ್ಕ ಹಳೆಯ ಗಾಲಿಯದಾದ್ದರಿಂದ, ಅದು 60 ತೋರಿಸುವಾಗ ಗಾಡಿ 70ರ ಹತ್ತಿರ ಓಡುತ್ತಿರುತ್ತದೆ.

ಇದಕ್ಕೆ ಮಗನ ಉತ್ತರ, "ಅದೇ ಕಂಪನಿಯವರೇ ಥಾರ್‌ಗೆ ಅಂಥ ಇಂಜಿನ್ ಹಾಕಿಲ್ವಾ?" ಹಾಕಿದ್ದಾರೆ. 2010ರಲ್ಲಿ ಬಂದ ಥಾರ್ ನೋಡಲು ನಮ್ಮ ಜೀಪಿನ ತಂಗಿಯ ಹಾಗೇ ಇತ್ತು, 105 ಅಶ್ವಶಕ್ತಿಯ ಕಾಮನ್ ರೈಲ್ ಇಂಜಿನು. ಆದರೆ ಅದನ್ನು ಹಾಕಿದವರು ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕನ್ನೂ ಹಾಕಿದರು, ಮುಂದಿನ ಸಸ್ಪೆನ್ಷನ್ನನ್ನೇ ಬದಲಾಯಿಸಿದರು. 2020ರ ಥಾರ್‌ಗೆ ಇಂಜಿನ್ ಇನ್ನೂ ಬಲವಾದಾಗ ಏರ್‌ಬ್ಯಾಗು ಬಂತು, ಚಕ್ರ ಜಾರದಂತೆ ಹಿಡಿಯುವ ಎಬಿಎಸ್ ಬಂತು, ಮುಂದಕ್ಕೆ ಮುಖ ಮಾಡಿದ ಬೆಲ್ಟಿರುವ ಹಿಂದಿನ ಸೀಟು ಬಂತು. ಗ್ಲೋಬಲ್ ಎನ್‌ಸಿಎಪಿಯವರು ಅದನ್ನು ಗುದ್ದಿಸಿ ನೋಡಿ ನಾಲ್ಕು ನಕ್ಷತ್ರ ಕೊಟ್ಟರು. ಕಂಪನಿಯ ಇಂಜಿನಿಯರುಗಳು ಇಷ್ಟೆಲ್ಲ ತಲೆ ಕೆಡಿಸಿಕೊಂಡ ಮೇಲೆ ಕೊಟ್ಟ ಬಲವನ್ನು ನಮ್ಮ ಹುಡುಗರು ಎರಡು ವಾರದಲ್ಲಿ ವೆಲ್ಡಿಂಗ್ ಮಾಡಿಸಿ ಪಡೆಯುತ್ತಾರೆ.

ಆ ಅಮೆರಿಕದ ವಿಡಿಯೋವನ್ನು ಮಗ ಮಲಗಿದ ಮೇಲೆ ನಾನು ಪೂರ್ತಿ ನೋಡಿದೆ. ಅವನು ನನಗೆ ತೋರಿಸಿದ್ದು ಕೊನೆಯ ಎರಡು ನಿಮಿಷ, ಕಾರು ಹೊಗೆಯೆಬ್ಬಿಸಿ ಓಡುವುದು. ಅದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ಆ ಬೋಳುತಲೆಯ ಮುದುಕ ಮಾಡಿದ್ದೇನು ಗೊತ್ತೇ? ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು ಕೂರಿಸಿದ. ಸ್ಟಿಯರಿಂಗ್ ಬದಲಿಸಿದ. ಚಾಸಿಸ್ಸಿಗೆ ಬಲ ಕೊಟ್ಟ. ಹೆಗಲಿನ ಮೇಲೆ ಬರುವ ಬೆಲ್ಟು ಹಾಕಿದ. ಇಂಜಿನ್ ಇಳಿಸುವ ಹೊತ್ತಿಗೆ ವಿಡಿಯೋ ಮುಗಿಯಲು ಬಂದಿತ್ತು! ಆ ಮಸಲ್ ಕಾರುಗಳು ಹೊಸದಾಗಿದ್ದಾಗ ಅವುಗಳಲ್ಲಿ ಹಲವಕ್ಕೆ ಇದ್ದದ್ದೂ ಡ್ರಮ್ ಬ್ರೇಕೇ. ಹಳೆಯ ತಪ್ಪನ್ನು ತಿದ್ದಲು ಅವರು ಅರ್ಧ ಗಂಟೆ ತೆಗೆದುಕೊಂಡರು. ನಮ್ಮವರು ಆ ಅರ್ಧ ಗಂಟೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿಬಿಟ್ಟರು.

ಇಷ್ಟು ಉರಿ ಯಾಕೆ ಅಂದರೆ, ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿಯ ಕಾರಣದಿಂದ. ಮೂರು ವರ್ಷದ ಹಿಂದೆ ನೆಂಟರ ಮದುವೆಯ ಮಾರನೆ ದಿನ ಅಂಥದೊಂದು ಜೀಪಿನಲ್ಲಿ ಎಂಟು ಜನ ಬೆಟ್ಟ ನೋಡಲು ಹೋದರು. ಹೋಗುವಾಗ ಬೆಟ್ಟ ಹತ್ತಿದ್ದೇ ಹತ್ತಿದ್ದು, ಇಂಜಿನ್ ಹೊಸದಲ್ಲವೇ! ಬರುವಾಗ ಒಂದು ತೋಡು ದಾಟಿ ಇಳಿಜಾರಿಗೆ ಬಿದ್ದ ಗಾಡಿ ನಿಲ್ಲಲಿಲ್ಲ. ಧರೆಗೆ ಗುದ್ದಿ ಮಗುಚಿತು. ಮುಂದೆ ಕೂತ ಇಬ್ಬರಿಗೆ ತರಚು ಗಾಯ. ಹಿಂದಿನ ಬೆಂಚಿನಿಂದ ಎಸೆದುಹೋದ ಈ ಹುಡುಗಿಯ ಸೊಂಟದ ಮೂಳೆ ಮುರಿಯಿತು. ನೋಡಲು ಹೋದಾಗ ಮಲಗಿದಲ್ಲಿಂದಲೇ ನನಗೆ ಕುರ್ಚಿ ಹಾಕಲು ತಂಗಿಗೆ ಹೇಳಿದಳು. ಬ್ಯಾಂಕಿನ ಪರೀಕ್ಷೆ ಕಟ್ಟಿದ್ದಳು. ಆ ವರ್ಷ ಬರೆಯಲಾಗಲಿಲ್ಲ. ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಜೀಪು ಮಾತ್ರ ಆರು ತಿಂಗಳಲ್ಲಿ ಹೊಸ ಬಣ್ಣ ಬಳಿದುಕೊಂಡು ಬಂತು. ಅದಕ್ಕೆ ಈ ಸಲ ಬ್ರೇಕು ಹಾಕಿಸಿದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಬಂದಿಲ್ಲ.

ಶನಿವಾರ ಭಾನುವಾರ ನಮ್ಮ ರಸ್ತೆಗೆ ಬಂದು ನಿಂತರೆ ಉಳಿದದ್ದು ಅರ್ಥವಾಗುತ್ತದೆ. ಸದ್ದು ಮಾಡುವ ಸೈಲೆನ್ಸರುಗಳ ಮೆರವಣಿಗೆ. ಆನೆ ನೋಡಲು ಬರುವವರಿಗೆ ಆನೆ ಎಂದರೆ ಕ್ಯಾಂಪಿನ ಸಾಕಾನೆ. ನಮಗೆ ಹಾಗಲ್ಲ. ಇಲ್ಲಿಂದ ಸಿದ್ದಾಪುರದವರೆಗಿನ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಕಾಫಿ ಕುಯ್ಯಲು ಹೋದ ಹೆಂಗಸರು ಜೀವ ಕಳೆದುಕೊಂಡಿದ್ದಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಕಿವಿಯೇ ಕಣ್ಣು. ಬಿದಿರು ಮುರಿದ ಸದ್ದು, ಒಣಗಿದ ಎಲೆ ಸರಿದ ಸದ್ದು, ಇಷ್ಟರಲ್ಲಿ ಗೊತ್ತಾಗಬೇಕು. ಆ ಹೊತ್ತಿಗೆ ರಸ್ತೆಯಲ್ಲಿ ಒಬ್ಬ ವೀರ ಆಕ್ಸಿಲರೇಟರು ತುಳಿದರೆ ಎಲ್ಲ ಸದ್ದೂ ಒಂದೇ.

ಒಂದು ಮಾತು ಒಪ್ಪಿಕೊಳ್ಳದಿದ್ದರೆ ಪಾಪ ಬರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆಯ ಬೆಟ್ಟಗಳು ಕುಸಿದು ರಸ್ತೆಗಳೇ ಕಾಣೆಯಾದಾಗ, ಕೆಸರಿನಲ್ಲಿ ಮುನ್ನುಗ್ಗಿ ಜನರನ್ನು ಹೊರಗೆ ತಂದವರಲ್ಲಿ, ಅಕ್ಕಿ ಕಂಬಳಿ ಹೊತ್ತು ಒಳಗೆ ಹೋದವರಲ್ಲಿ ಈ ದೊಡ್ಡ ಟೈರಿನ ಹುಡುಗರೂ ಇದ್ದರು. ಮರುವರ್ಷ ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ದಡದ ಮನೆಗಳು ಕೊಚ್ಚಿಹೋದಾಗಲೂ ಬಂದರು. ನಾನು ಅವರಿಗೆ ನಮ್ಮ ಶಾಲೆಯ ಜಗಲಿಯಲ್ಲಿ ಕಾಫಿ ಕೊಟ್ಟಿದ್ದೇನೆ. ವಿಂಚಿಗೂ ಟೈರಿಗೂ ಉಪಯೋಗವಿಲ್ಲ ಅಂತ ನಾನು ಹೇಳಲಾರೆ. ಆದರೆ ಅಂದು ಆ ಗಾಡಿಗಳು ಓಡಿದ್ದು ಮೊದಲನೇ ಗೇರಿನಲ್ಲಿ, ನಡೆಯುವವನ ವೇಗದಲ್ಲಿ.

ಕಾನೂನು ಏನು ಹೇಳುತ್ತದೆ ಅಂತಲೂ ವಿಚಾರಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಕಂಪನಿಯವರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ಮಾದರಿಯ ಇಂಜಿನನ್ನು ಅನುಮತಿ ಪಡೆದು ಹಾಕಿಸಿಕೊಳ್ಳಬಹುದು, ಬೇರೆಯದಕ್ಕೆ ಅವಕಾಶವಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ ಐದೈದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಯಾರಿಗೆ? ಗಾಡಿಯ ಮಾಲೀಕರಿಗೆ. ಅಂದರೆ ಸದ್ಯಕ್ಕೆ ಈ ಬಡ ಮೇಷ್ಟ್ರಮ್ಮನಿಗೆ! ಸಹಿ ಮಾಡಿಬಿಟ್ಟರೆ ನಾನು ಪಾರು, ಮಗ ಸಿಕ್ಕಿಬೀಳುತ್ತಾನೆ. ಇದೆಂಥ ಉಡುಗೊರೆ ಹೇಳಿ.

ಕಾನೂನಿನ ಮೇಲೂ ನನಗೆ ಸಿಟ್ಟಿದೆ. ಅದು ಇರುವುದು ಕಾಗದದಲ್ಲಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಗಾಡಿಯನ್ನು ತೋರಿಸಬೇಕು. ಹೀಗಿದ್ದೂ ಇಂಥ ಜೀಪುಗಳು ರಸ್ತೆಯಲ್ಲಿ ಮೆರೆಯುತ್ತಿವೆಯಲ್ಲ! ಇದು ಹೇಗೆ ಅಂತ ಯಾವ ಹೆಂಗಸೂ ಕೇಳುವುದಿಲ್ಲ, ಯಾಕೆಂದರೆ ಜೀಪು ಗಂಡಸರ ವಿಷಯ. ಟೈರಿನ ಇಂಚು, ಇಂಜಿನಿನ ಸಿಸಿ ಮಾತಾಡುವಾಗ ನಾವು ಕಾಫಿ ತಂದಿಟ್ಟು ಒಳಗೆ ಹೋಗುತ್ತೇವೆ. ಆಮೇಲೆ ಮಗುವನ್ನೆತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಹೋಗಿ ಕೂರುವವರು ನಾವೇ. ಗ್ಯಾರೇಜಿಗೆ ಒಮ್ಮೆ ಹೋಗಿ, "ಇದು ಎಷ್ಟು ದೂರದಲ್ಲಿ ನಿಲ್ಲುತ್ತದಪ್ಪಾ?" ಅಂತ ಕೇಳಿ ನೋಡಿ. ನಾನು ಕೇಳಿದೆ. ಆ ಮೆಕ್ಯಾನಿಕ್ ಹುಡುಗ ಸ್ಪಾನರು ಕೆಳಗಿಟ್ಟು ನನ್ನನ್ನೊಮ್ಮೆ ನೋಡಿ, "ಮೇಡಂ, ಇದುವರೆಗೆ ಯಾರೂ ಕೇಳಿಲ್ಲ" ಅಂದ. ಎಷ್ಟು ಜೋರಾಗಿ ಓಡುತ್ತದೆ ಅಂತ ಮಾತ್ರ ದಿನಾ ಕೇಳುತ್ತಾರಂತೆ.

ನನಗೊಬ್ಬಳು ಮೊಮ್ಮಗಳಿದ್ದಾಳೆ, ಎರಡು ವರ್ಷ ತುಂಬಿದೆ. ಶೆಡ್ಡಿಗೆ ಹೋಗಿ ಜೀಪಿನ ಹಿಂದಿನ ಬೆಂಚು ಹತ್ತಿ ಕೂತು, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ "ಡುರ್ರ್" ಅನ್ನುತ್ತಾಳೆ. ಸರಳು ಅವಳ ಕೈಗೆ ಎಟಕುವುದಿಲ್ಲ. ಸೊಸೆ ಅದನ್ನು ನೋಡುತ್ತ ನಿಂತಿದ್ದಳು, ಇಬ್ಬರೂ ಮಾತಾಡಲಿಲ್ಲ. ರಾತ್ರಿ ಪಾತ್ರೆ ಒರೆಸುವಾಗ, "ಅತ್ತೆ, ನೀವು ಸಹಿ ಮಾಡಬೇಡಿ. ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗೋದು ಬೇಡ" ಅಂದಳು. ಗೊತ್ತಾದರೆ ಗೊತ್ತಾಗಲಿ ಅಂತ ಇಲ್ಲಿ ಬರೆದಿದ್ದೇನೆ.

ಮಾರನೆ ಬೆಳಿಗ್ಗೆ ಮಗನ ಪಟ್ಟಿಯನ್ನು ಕೆಂಪು ಪೆನ್ನು ಹಿಡಿದು ತಿದ್ದಿದೆ. ಹತ್ತೊಂಬತ್ತರಲ್ಲಿ ಇಂಜಿನ್, ದೊಡ್ಡ ಟೈರು, ಲಿಫ್ಟು, ಸೈಲೆನ್ಸರು ಹೊಡೆದುಹಾಕಿದೆ. ಮೇಲುಗಡೆ ಮಾರ್ಜಿನಿನಲ್ಲಿ ನಾಲ್ಕು ಸೇರಿಸಿದೆ: ಮುಂದಕ್ಕೆ ಡಿಸ್ಕ್ ಬ್ರೇಕು ಮತ್ತು ಬೂಸ್ಟರು, ಸ್ಟಿಯರಿಂಗಿನ ಆಟ ತೆಗೆಸುವುದು, ಹಿಂದಕ್ಕೆ ಮುಂದೆ ಮುಖ ಮಾಡಿದ ಸೀಟು ಮತ್ತು ಬೆಲ್ಟು, ಮಗುಚಿದರೆ ತಲೆ ಕಾಯುವ ಕಬ್ಬಿಣದ ಚೌಕಟ್ಟು. ಕೆಳಗೆ, "ಇವುಗಳಲ್ಲಿ ಯಾವುದಕ್ಕೆ ಅನುಮತಿ ಬೇಕು ಅಂತ ಆರ್‌ಟಿಓ ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಂಡು ಬಾ" ಅಂತ ಬರೆದೆ. ಅವನಪ್ಪನ ಇಂಜಿನ್ ಹೇಗಿದೆಯೋ ಹಾಗೇ ಇರಲಿ. ರಿಪೇರಿಗೆ ಬಂದರೆ ಅದನ್ನೇ ಬಿಚ್ಚಿ ಮಾಡಿಸಲಿ, ಖರ್ಚಿನ ಅರ್ಧ ನನ್ನದು.

ಪಟ್ಟಿ ನೋಡಿ ಮಗ ನಕ್ಕ. "ಇಷ್ಟು ಮಾಡಿದರೆ ಅದು ಮಸಲ್ ಕಾರಲ್ಲ ಅಮ್ಮ, ಸ್ಕೂಲ್ ವ್ಯಾನು" ಅಂದ. ಆದರೂ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದ. ಹೋದ ವಾರ ಫೋನು ಮಾಡಿದಾಗ ಡಿಸ್ಕ್ ಬ್ರೇಕಿಗೆ ಎಷ್ಟಾಗುತ್ತದೆ ಅಂತ ಕುಶಾಲನಗರದಲ್ಲಿ ವಿಚಾರಿಸಿದ್ದೇನೆ ಅಂದ; ಎಷ್ಟು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫಾರಂ ಎರಡೂ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಜೊತೆ ಇವೆ.